ಇಡದ ಆಣೆ

ಫೆಬ್ರುವರಿ 9, 1974. ಮತ್ರಾ

ಬಂದು ಇಳಿದೆವು. ಹಡಗಿನಿಂದ ಕಾಲಿಟ್ಟ ಕೂಡಲೇ ನೆಲಕ್ಕೆ ಮುತ್ತಿಡಬೇಕೆಂದು ದಾರ್ ಎಸ್ ಸಲಾಮಿನಲ್ಲೇ ನಿರ್ಧರಿಸಿದ್ದೆ. ಆದರೆ ಹಿಂದಿನಿಂದ ಮೂಟೆ ಹೊತ್ತವರು ನೂಕುತ್ತಿದ್ದರು, ಕಟ್ಟೆಯ ತುಂಬ ಮೀನಿನ ನೀರು ಹರಿದಿತ್ತು. ಮುತ್ತಿಡಲಾಗಲಿಲ್ಲ. ಪರವಾಗಿಲ್ಲ.

ನಾನು ಹುಟ್ಟಿದ್ದು ಜಂಜಿಬಾರಿನಲ್ಲಿ. ನನ್ನ ಮುತ್ತಜ್ಜ ಇದೇ ಒಮಾನಿನ ಒಳನಾಡಿನಿಂದ ಹಾಯಿಹಡಗು ಹತ್ತಿ ಅಲ್ಲಿಗೆ ಹೋದವನು. ಅಲ್ಲಿನವರು ನಮ್ಮನ್ನು ಅರಬರು ಎಂದೇ ಕರೆದರು. ಹತ್ತು ವರ್ಷದ ಹಿಂದೆ ದಂಗೆಯ ದಿನ ಅಪ್ಪನನ್ನು ಅದೇ ಹೆಸರು ಹಿಡಿದು ಹೊರಗೆ ಕರೆದು ಕೊಂದರು. ಉಳಿದ ನಾವು ದೋಣಿ ಹತ್ತಿ ದಾರ್‌ಗೆ ಪಾರಾದೆವು. ಅಪ್ಪ ಜೀವ ಕೊಟ್ಟು ಕೊಂಡ ಹೆಸರು ಅದು. ಇವತ್ತಿನಿಂದ ನಾನು ಅದನ್ನು ತಲೆಯೆತ್ತಿ ಹೇಳಬಲ್ಲೆ.

‘ಅರಬ ರಾಷ್ಟ್ರ ಒಂದೇ. ಅದರಲ್ಲಿ ಕುಲವಿಲ್ಲ, ಬಣ್ಣವಿಲ್ಲ, ಒಡೆಯನಿಲ್ಲ, ಆಳಿಲ್ಲ.’ ಇದು ನನಗೆ ಬಾಯಿಪಾಠ. ಬಾಯಿಪಾಠ ಇದ್ದದ್ದೇ ಒಳ್ಳೆಯದಾಯಿತು. ಹಡಗು ಹತ್ತುವ ಹಿಂದಿನ ದಿನ ಅಣ್ಣ ಮಬರೂಕ್ ನನ್ನ ಕರಪತ್ರಗಳನ್ನೆಲ್ಲ ಒಲೆಗೆ ತುಂಬಿ ಅದರ ಮೇಲೆ ಚಹಾ ಕಾಯಿಸಿದ. ನಾನು ಕೂಗಾಡಿದೆ.

“ಅಲ್ಲಿನ ಪೊಲೀಸರು ನಿನ್ನ ಕಾಗದ ಓದಲ್ಲ ಪ್ರೊಫೆಸರೇ, ನಿನ್ನನ್ನೇ ಓದ್ತಾರೆ. ತಗೋ, ಚಹಾ ಕುಡಿ. ಕ್ರಾಂತಿ ಚೆನ್ನಾಗಿ ಕುದ್ದಿದೆ” ಎಂದ.

ಅಣ್ಣ ಡೀಸೆಲ್ ಎಂಜಿನ್ ಬಿಚ್ಚಿ ಕಟ್ಟುವವನು. ಅಕ್ಷರಕ್ಕಿಂತ ನಟ್ಟು ಬೋಲ್ಟಿನ ಮೇಲೆ ಅವನಿಗೆ ಹೆಚ್ಚು ನಂಬಿಕೆ. ಆದರೂ ಆ ಕರಪತ್ರಗಳಿಗೆ ಹತ್ತು ವರ್ಷ ಹಣ ಕೊಟ್ಟವನು ಅವನೇ.

ಇಂದಿನಿಂದ ಸ್ವಾಹಿಲಿಯ ಒಂದು ಮಾತೂ ಆಡುವುದಿಲ್ಲ ಎಂದು ಪಣ ತೊಟ್ಟಿದ್ದೇನೆ. ಅಣ್ಣನಿಗೆ ಹೇಳಿದೆ. “ಸರಿ, ನೀನು ಅರಬ್ಬಿಯಲ್ಲಿ ಉಪ್ಪು ಕೇಳು, ನಾನು ಸ್ವಾಹಿಲಿಯಲ್ಲಿ ಕೊಡ್ತೀನಿ. ಉಪ್ಪಿಗೆ ಏನೂ ಗೊತ್ತಾಗಲ್ಲ” ಎಂದ.

ಫೆಬ್ರುವರಿ 14

ಪೇಟೆಯಲ್ಲಿ ಖರ್ಜೂರ ಕೇಳಿದೆ. ವ್ಯಾಕರಣ ಶುದ್ಧವಾಗಿಯೇ ಕೇಳಿದೆ. ಅಂಗಡಿಯವನು ಪಕ್ಕದ ಅಂಗಡಿಯವನನ್ನು ಕೂಗಿದ: “ಬಾರಯ್ಯ ಇಲ್ಲಿ, ರೇಡಿಯೋ ಖರ್ಜೂರ ಕೇಳ್ತಾ ಇದೆ!” ಇಬ್ಬರೂ ನಕ್ಕರು. ಆಮೇಲೆ ಒಬ್ಬ ಕೇಳಿದ, “ಜಂಜಿಬಾರಿನವನಾ?”

ಅಲ್ಲಿ ಅರಬ. ಇಲ್ಲಿ ಜಂಜಿಬಾರಿ.

ಇದು ವಸಾಹತುಶಾಹಿ ಬಿತ್ತಿದ ಅಜ್ಞಾನ. ಇವರ ತಪ್ಪಲ್ಲ. ಖರ್ಜೂರ ಕೊಳ್ಳದೆ ಬಂದೆ.

ಮಾರ್ಚ್ 2

ಕೆಲಸ ಸಿಕ್ಕಿದೆ. ಇಂಗ್ಲಿಷ್ ಬಲ್ಲವರು ಇಲ್ಲಿ ಕಡಿಮೆ. ಹೊಸ ಕಚೇರಿಗಳು ದಿನಕ್ಕೊಂದು ಏಳುತ್ತಿವೆ. ನನ್ನದು ಟೈಪಿಸ್ಟ್ ಕೆಲಸ, ತಾತ್ಕಾಲಿಕ. ಖಾಯಂ ಆಗಬೇಕಾದರೆ ಪಾಸ್‌ಪೋರ್ಟ್ ಬೇಕು. ಪಾಸ್‌ಪೋರ್ಟಿಗೆ, ನಾವು ಇಂಥ ಕುಲದವರು ಎಂದು ಆ ಕುಲದ ಷೇಖರು ಬರೆದುಕೊಟ್ಟ ಕಾಗದ ಬೇಕು.

ನಾನು ಅಧಿಕಾರಿಗೆ ಹೇಳಿದೆ: “ಆಧುನಿಕ ರಾಷ್ಟ್ರದಲ್ಲಿ ಪ್ರಜೆಯನ್ನು ಗುರುತಿಸೋದು ಸರ್ಕಾರ, ಕುಲ ಅಲ್ಲ.”

ಅವನು ನನ್ನ ಅರ್ಜಿಯನ್ನು ನಯವಾಗಿ ನನ್ನ ಕಡೆಗೆ ಸರಿಸಿದ. “ಹೌದಪ್ಪ. ಷೇಖರ ಹತ್ತಿರ ಹೋಗಿ ಬಾ.”

ಅಣ್ಣನಿಗೆ ನನಗಿಂತ ಅವಸರ. ನಮ್ಮ ಪ್ರವೇಶಪತ್ರದ ಅವಧಿ ಆಗಸ್ಟಿಗೆ ಮುಗಿಯುತ್ತದೆ. ಅತ್ತಿಗೆ ಸೀತಿ ದಾರ್‌ನಲ್ಲಿ ಬಸುರಿ. ಅಣ್ಣ ಇಲ್ಲಿನ ಪ್ರಜೆಯಾದರೆ ಮಾತ್ರ ಅವಳನ್ನು ಕರೆಸಿಕೊಳ್ಳಬಹುದು. ಆಗದಿದ್ದರೆ ಅವನು ಹಿಂದಿರುಗಬೇಕು. ಅಲ್ಲಿನ ಗ್ಯಾರೇಜನ್ನು ಅವನು ಮಾರಿ ಬಂದಿದ್ದಾನೆ, ಹಡಗಿನ ಟಿಕೆಟ್ಟುಗಳಿಗಾಗಿ.

“ಕಾಗದ ಕೊಡೋದು ಕುಲ ಆದ್ರೇನು, ಕತ್ತೆ ಆದ್ರೇನು? ಕೊಟ್ರೆ ತಗೊಳ್ಳೋಣ” ಎಂದ ಅಣ್ಣ.

ಅವನಿಗೆ ತತ್ವ ಮುಖ್ಯವಲ್ಲ. ಅವನನ್ನು ನಾನು ಪ್ರೀತಿಸುವುದು ತತ್ವಕ್ಕಾಗಿಯೂ ಅಲ್ಲ.

ಮಾರ್ಚ್ 15

ಹುಮೂದ್ ಚಿಕ್ಕಪ್ಪನ ಮನೆಗೆ ಹೋಗಿದ್ದೆವು. ಅಪ್ಪನ ದಾಯಾದಿ. ನಾಲ್ಕು ವರ್ಷ ಮೊದಲೇ ಬಂದು ಕಾಗದ, ಮನೆ, ಮೀಸೆ ಎಲ್ಲ ಮಾಡಿಕೊಂಡಿದ್ದಾನೆ. ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿ ಏಳು ತಲೆಮಾರಿನ ಹೆಸರು ಬಾಯಿಪಾಠ ಮಾಡಿಸಿದ. ಅಣ್ಣ ನಾಲ್ಕನೆಯ ತಲೆಮಾರಿನಲ್ಲಿ ಪ್ರತಿ ಸಲ ಎಡವಿದ.

“ಎಂಜಿನ್ನಾದ್ರೆ ಕಿವಿಯಲ್ಲೇ ಹೇಳ್ತೀನಿ ಚಿಕ್ಕಪ್ಪ, ಯಾವ ಪಿಸ್ಟನ್ ಸತ್ತಿದೆ ಅಂತ. ಇವರೆಲ್ಲ ಒಟ್ಟಿಗೇ ಸತ್ತಿದ್ದಾರೆ, ಹೇಗೆ ಹೇಳ್ಲಿ?”

ಚಿಕ್ಕಪ್ಪ ನಗಲಿಲ್ಲ. “ಇನ್ನೊಂದು ಕೇಳಿ. ಚಾವಡಿಗೆ ಹೋದಾಗ ಕಾಫಿ ಆದ್ಮೇಲೆ ‘ಸುದ್ದಿ ಏನು’ ಅಂತಾರೆ. ‘ಸುದ್ದಿ ಇಲ್ಲ, ಎಲ್ಲ ಕ್ಷೇಮ’ ಅನ್ಬೇಕು. ಅಷ್ಟೇ. ಮನೆಗೆ ಬೆಂಕಿ ಬಿದ್ದಿದ್ರೂ ಕ್ಷೇಮ. ಇಲ್ಲಿನ ಪದ್ಧತಿ ಅದು. ದೊಡ್ಡವನು ಮಾತಾಡ್ಬೇಕು, ಚಿಕ್ಕವನು ಬಾಯಿ ಮುಚ್ಕೊಂಡಿರ್ಬೇಕು. ಮುಹನ್ನಾ, ನಿನಗೇ ಹೇಳ್ತಿರೋದು.”

“ಸುಳ್ಳು ಹೇಳಿ ನಮ್ಮವರಾಗಬೇಕಾ?”

“ಸುಳ್ಳಲ್ಲವೋ, ಮರ್ಯಾದೆ.”

ಹೊರಡುವಾಗ ಚಿಕ್ಕಪ್ಪ ದನಿ ತಗ್ಗಿಸಿದ. ಅಣ್ಣನ ತಾಯಿಯ ವಿಷಯ ಎತ್ತಬೇಡಿ, ಅವರು ಅಪ್ಪನ ಹೆಸರು ಕೇಳುತ್ತಾರೆ, ಅದಕ್ಕೆ ಉತ್ತರ ಕೊಡಿ, ಸಾಕು, ಎಂದ.

ಅಣ್ಣನ ತಾಯಿ ಬೀ ತಾತು. ನನ್ನ ತಾಯಿ ಅಪ್ಪನ ಸೋದರ ಸಂಬಂಧಿ, ನನ್ನನ್ನು ಹೆತ್ತು ತೀರಿಕೊಂಡಳು. ಹಾಲು ಕುಡಿಸಿದ್ದು, ಬೆಳೆಸಿದ್ದು ಬೀ ತಾತು. ನಾನೂ ಅವಳನ್ನು ಅಮ್ಮ ಎಂದೇ ಕರೆದೆ. ಅವಳ ವಿಷಯ ಎತ್ತಬಾರದಂತೆ! ಅವಳನ್ನು ಬಚ್ಚಿಟ್ಟು ಕೊಂಡ ಕಾಗದ ನನಗೆ ಬೇಡ.

ಮಾರ್ಚ್ 23. ಒಳನಾಡು

ಬೆಳಗಿನಿಂದ ಲಾರಿಯಲ್ಲಿ, ಕಲ್ಲು ತುಂಬಿದ ಹೊಳೆಯ ಪಾತ್ರದಲ್ಲೇ ಪ್ರಯಾಣ. ಅಣ್ಣ ಚಾಲಕನ ಪಕ್ಕ ಕೂತು ಎಂಜಿನ್ನಿನ ಸದ್ದು ಕೇಳುತ್ತಾ ದಾರಿಯುದ್ದಕ್ಕೂ ಅವನಿಗೆ ಬುದ್ಧಿ ಹೇಳಿದ. ಭಾಷೆ ಅರ್ಧಂಬರ್ಧ, ಆದರೂ ಊರು ಮುಟ್ಟುವಷ್ಟರಲ್ಲಿ ಇಬ್ಬರೂ ಹಳೇ ಗೆಳೆಯರಂತಿದ್ದರು.

ಷೇಖರ ಚಾವಡಿ ಉದ್ದನೆಯ ಮಣ್ಣಿನ ಕೋಣೆ. ಗೋಡೆಗೆ ಒರಗಿ ಊರ ಗಂಡಸರು ಸಾಲಾಗಿ ಕೂತಿದ್ದರು. ಒಬ್ಬೊಬ್ಬರ ಕೈಯನ್ನೂ ಮುಟ್ಟುತ್ತಾ ಹೋದೆವು. ಷೇಖರು ಸಣ್ಣಗಿನ ಮುದುಕರು, ಒಂದು ಕಣ್ಣಿಗೆ ಪೊರೆ. ನಮ್ಮ ಅಜ್ಜನ ಮೂಗೇ ಅವರ ಮುಖದ ಮೇಲೆ ಕೂತಿತ್ತು. ಖರ್ಜೂರ ಬಂತು, ಕಾಫಿ ಬಂತು. ಏಳು ತಲೆಮಾರು ಕೇಳಿದರು. ಅಣ್ಣ ಒಂದೂ ತಪ್ಪದೆ ಹೇಳಿದ. ದಾರಿಯಲ್ಲಿ ಗೊಣಗುತ್ತಿದ್ದದ್ದು ಅದನ್ನೇ ಇರಬೇಕು.

“ಸುದ್ದಿ ಏನಪ್ಪ? ಏನು ತಂದಿರಿ?” ಎಂದರು ಷೇಖರು, ಅಣ್ಣನ ಮುಖ ನೋಡಿ.

“ಸುದ್ದಿ ಇಲ್ಲ, ಎಲ್ಲ ಕ್ಷೇಮ” ಎಂದ ಅಣ್ಣ. ಅವನ ಅರಬ್ಬಿ ಮುರುಕಲು. ಆದರೂ ಸಾಲಿನುದ್ದಕ್ಕೂ ತಲೆಗಳು ಮೆಚ್ಚಿ ಆಡಿದವು. ಒಬ್ಬ ಮುದುಕ ಸರಿದು ಅಣ್ಣನಿಗೆ ತನ್ನ ಪಕ್ಕ ಜಾಗ ಮಾಡಿಕೊಟ್ಟ.

ನನಗೆ ತಡೆಯಲಾಗಲಿಲ್ಲ. ಎಲ್ಲ ಕ್ಷೇಮವೇ? ಅಪ್ಪನ ಹೆಣ ಮೂರು ದಿನ ಬೀದಿಯಲ್ಲಿತ್ತು. ಎದ್ದು ನಿಂತೆ. ಅಲ್ಲಿ ಯಾರೂ ನಿಂತು ಮಾತಾಡುವುದಿಲ್ಲ ಎಂದು ಆಮೇಲೆ ಗೊತ್ತಾಯಿತು. ಮಾತಾಡಿದೆ. ಚೆನ್ನಾಗಿಯೇ ಮಾತಾಡಿದೆ. ದಂಗೆಯನ್ನು ಹೇಳಿದೆ. ದೋಣಿಯನ್ನು ಹೇಳಿದೆ. ಹೊಸ ರಾಷ್ಟ್ರದಲ್ಲಿ ಒಡೆಯ, ಆಳು ಎಂಬ ಭೇದ ಸುಟ್ಟುಹೋಗಬೇಕು ಎಂದೆ. ಅಣ್ಣನ ಭುಜದ ಮೇಲೆ ಕೈಯಿಟ್ಟೆ.

“ಇದಕ್ಕೆ ನಮ್ಮ ಮನೆಯೇ ಸಾಕ್ಷಿ! ಇವನ ತಾಯಿ ನಮ್ಮ ಅಜ್ಜ ಕೊಂಡು ತಂದ ಆಳಿನ ಮಗಳು. ನಮ್ಮಪ್ಪ ಅವಳನ್ನು ಹೆಂಡತಿಯಾಗಿ ಮಾಡಿಕೊಂಡ. ಇವನು ನನ್ನ ಅಣ್ಣ. ನನಗೆ ಇದಕ್ಕಿಂತ ಹೆಮ್ಮೆ ಬೇರೆ ಇಲ್ಲ!”

ಕಾಫಿ ಸುರಿಯುತ್ತಿದ್ದವನು, ಅವನೂ ಕಪ್ಪಗಿನವನು, ಹೂಜಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ನನ್ನನ್ನು ನೋಡಿದ. ಅವನ ಕಣ್ಣಿನಲ್ಲಿ ಮೆಚ್ಚುಗೆ ಕಾಣುತ್ತದೆಂದುಕೊಂಡಿದ್ದೆ. ಅದು ಮೆಚ್ಚುಗೆಯಾಗಿರಲಿಲ್ಲ.

“ನಿಕಾಹ್‌ಗೆ ಸಾಕ್ಷಿ ಯಾರಿದ್ದರು ಮಗ?” ಎಂದರು ಷೇಖರು ಮೆಲ್ಲಗೆ.

ಸಾಕ್ಷಿಗಳು, ನಿಕಾಹ್ ಓದಿಸಿದ ಖಾಜಿ, ಎಲ್ಲರೂ ದಂಗೆಯಲ್ಲೇ ಹೋದರು. ಹಾಗೆಂದು ಹೇಳಿದೆ.

“ದೇವರು ಅವರನ್ನು ಕ್ಷಮಿಸಲಿ. ನಾಳೆ ಮಾತಾಡೋಣ” ಎಂದರು.

ಈಗ ಅತಿಥಿಗಳ ಕೋಣೆಯಲ್ಲಿದ್ದೇವೆ. ಅಣ್ಣ ಗೋಡೆಯ ಕಡೆ ತಿರುಗಿ ಮಲಗಿದ್ದಾನೆ. ನಿದ್ದೆ ಬಂದಿದೆಯೆಂದುಕೊಂಡೆ. ತಟ್ಟನೆ ಮಾತಾಡಿದ: “ಭಾಷಣ ಚೆನ್ನಾಗಿತ್ತು ಪ್ರೊಫೆಸರೇ. ನಾನು ಒಳಗೆ ಬಂದಾಗ ಅಪ್ಪನ ಮಗನಾಗಿದ್ದೆ. ನೀನು ಮುಗಿಸೋ ಹೊತ್ತಿಗೆ ಅಜ್ಜನ ಮನೆ ಆಳಾಗಿದ್ದೆ.”

ಸತ್ಯ ಹೇಳಿದ್ದಕ್ಕೆ ನಾನು ನಾಚುವುದಿಲ್ಲ.

ಮಾರ್ಚ್ 24

ಬೆಳಿಗ್ಗೆ ಷೇಖರು ನಮ್ಮಿಬ್ಬರನ್ನೇ ಕರೆಸಿದರು. ತಾಳೆಮರಗಳ ನಡುವೆ, ಕಾಲುವೆಯ ದಡದಲ್ಲಿ ಕೂತಿದ್ದರು. ಕ್ರೂರಿಯಲ್ಲ ಆ ಮನುಷ್ಯ. ಅದು ನನಗೆ ಇನ್ನಷ್ಟು ಕಷ್ಟವಾಯಿತು.

“ನಿಮ್ಮಪ್ಪ ನಿಕಾಹ್ ಮಾಡಿಕೊಂಡಿದ್ದರೆ ಇವನು ನಮ್ಮ ರಕ್ತ. ತಾಯಿ ಯಾರಾದರೂ ಸರಿ. ಮಾಡಿಕೊಂಡಿಲ್ಲದಿದ್ದರೆ ಇವನು ನಮ್ಮ ಮನೆಯ ಆಳಿನ ಮಗ. ಅವನನ್ನು ಕುಲದವನು ಅಂತ ಬರೆಯೋಕೆ ನನ್ನಿಂದ ಆಗಲ್ಲ. ನೀನು ಆ ಮಾತು ಎತ್ತದೇ ಇದ್ದಿದ್ದರೆ ನಾನು ಕೇಳ್ತಿರಲಿಲ್ಲ. ಊರೆಲ್ಲ ಕೇಳಿಸಿಕೊಂಡ ಮೇಲೆ ಕೇಳದೆ ವಿಧಿಯಿಲ್ಲ.”

ಆಮೇಲೆ ದಾರಿ ತೋರಿಸಿದರು. ಖುರಾನಿನ ಮೇಲೆ ಕೈಯಿಟ್ಟು, ‘ನಿಕಾಹ್ ಆಗಿತ್ತೆಂದು ನನ್ನ ತಂದೆಯ ಬಾಯಿಂದ ಕೇಳಿದ್ದೇನೆ’ ಎಂದು ನಾನು ಆಣೆ ಇಟ್ಟರೆ ಸಾಕು. ಇಬ್ಬರಿಗೂ ಕಾಗದ. ಇಡದಿದ್ದರೆ ನನಗೊಬ್ಬನಿಗೆ ಮಾತ್ರ. ಆದರೆ ನಾಳೆ ಯಾರಾದರೂ ಜಂಜಿಬಾರಿನಿಂದ ಬಂದು ಅದು ಸುಳ್ಳೆಂದರೆ ಎರಡೂ ಕಾಗದ ಹರಿಯುತ್ತಾರೆ.

“ಒಟ್ಟಿಗೆ ನಿಲ್ಲುತ್ತೆ, ಒಟ್ಟಿಗೆ ಬೀಳುತ್ತೆ. ಯೋಚಿಸಿ ಹೇಳು” ಎಂದರು.

ಅಣ್ಣ ನನ್ನನ್ನು ನೋಡಲಿಲ್ಲ. ಕಾಲುವೆಯ ನೀರಿನಲ್ಲಿ ಕೈ ಆಡಿಸುತ್ತಿದ್ದ.

ಅಪ್ಪ ಹೇಳಿದ್ದನ್ನು ನಾನು ಕೇಳಿದ್ದೇನೆ. ಒಂದಲ್ಲ, ಹಲವು ಸಲ. ಮನೆಗೆ ಬಂದವರು ಬೀ ತಾತುವನ್ನು ಆಳೆಂದು ತಿಳಿದು ನೀರು ಕೇಳಿದರೆ, “ಅವಳು ಸಾಕ್ಷಿ ಇಟ್ಟು ನಿಕಾಹ್ ಮಾಡಿಕೊಂಡ ನನ್ನ ಹೆಂಡತಿ. ನೀರು ಬೇಕಾದ್ರೆ ನೀನೇ ಎದ್ದು ಕುಡಿ” ಎನ್ನುತ್ತಿದ್ದ. ಅದು ನನಗೆ ಚೆನ್ನಾಗಿ ನೆನಪಿದೆ.

ಆದರೆ ಪ್ರಶ್ನೆ ಅದಲ್ಲ. ಒಬ್ಬ ಮನುಷ್ಯನ ಹಕ್ಕು ಇನ್ನೊಬ್ಬನ ಆಣೆಯ ಮೇಲೆ ನಿಲ್ಲಬೇಕೆಂಬುದೇ ಊಳಿಗಮಾನ್ಯ ವ್ಯವಸ್ಥೆಯ ತಿರುಳು. ಆಣೆ ಇಟ್ಟರೆ ನಾನು ಆ ವ್ಯವಸ್ಥೆಗೆ ತಲೆಬಾಗಿದಂತೆ. ಆಣೆಗಳ ಬೆಲೆ ನನಗಿಂತ ಚೆನ್ನಾಗಿ ಬಲ್ಲವರು ಯಾರು? ದಂಗೆಯ ದಿನ ರಸ್ತೆ ತಡೆದವರು ನನ್ನ ಬಣ್ಣ ನೋಡಿ ಲಾರಿಯಿಂದ ಎಳೆದಾಗ, ಅಣ್ಣ ಅಡ್ಡ ನಿಂತು, “ಇವನು ನನ್ನ ತಾಯಿ ಹೆತ್ತ ಮಗ, ಅರಬನಲ್ಲ, ದೇವರಾಣೆ” ಎಂದ. ಅವನ ಮುಖದ ಬಣ್ಣ ನೋಡಿ ನಂಬಿದರು. ಸುಳ್ಳು ಆಣೆಯಿಂದ ಬದುಕಿದವನು ನಾನು. ಇನ್ನೊಂದು ಆಣೆಯ ಮೇಲೆ ಬದುಕು ಕಟ್ಟಲಾರೆ.

ಷೇಖರಿಗೆ ಇಷ್ಟೆಲ್ಲ ಹೇಳಲಿಲ್ಲ, ಅವರಿಗೆ ಅರ್ಥವಾಗುತ್ತಿರಲಿಲ್ಲ. “ನಾನು ಹುಟ್ಟೋಕೆ ಮೊದಲಿನ ವಿಷಯ. ನಾನು ಕಣ್ಣಾರೆ ಕಂಡಿಲ್ಲ” ಎಂದೆ.

ಅದೂ ಸುಳ್ಳಲ್ಲ.

ಲಾರಿಯಲ್ಲಿ ಹಿಂದಿರುಗುವಾಗ ಮಬರೂಕ್ ಚಾಲಕನ ಪಕ್ಕ ಕೂರಲಿಲ್ಲ. ಹಿಂದೆ ಮೂಟೆಗಳ ಮೇಲೆ ಕೂತ. ಮಧ್ಯಾಹ್ನ ಒಂದೇ ಒಂದು ಮಾತು: “ಹಸಿವಾಗಿದೆಯಾ ನಿನಗೆ?”

ಮಾರ್ಚ್ 25

ಕಾಗದ ನನ್ನ ಹತ್ತಿರ ಇದೆ. ಬಹಳ ಸುಂದರ ಕೈಬರಹ.

ಏಪ್ರಿಲ್ 20

ಪಾಸ್‌ಪೋರ್ಟ್ ಬಂತು. ಮೊದಲು ಒಬ್ಬನಾದರೂ ಒಳಗೆ ಕಾಲಿಡಬೇಕು. ಹೊರಗೆ ನಿಂತು ಕೂಗುವವನ ಮಾತು ಯಾರು ಕೇಳುತ್ತಾರೆ? ಒಳಗಿನಿಂದಲೇ ಹೋರಾಡಿ ಮಬರೂಕನ ಹಕ್ಕು ಗೆಲ್ಲುವೆ. ಹೀಗೆ ಅವನಿಗೂ ವಿವರಿಸಿದೆ.

“ಒಳಗೆ ಚೆನ್ನಾಗಿದೆಯಾ?” ಎಂದು ಕೇಳಿದ.

ಅವನು ತಾನು ಕೆಲಸಕ್ಕೆ ಸೇರಿದ ರೂವಿಯ ಗ್ಯಾರೇಜಿನಲ್ಲೇ ಮಲಗತೊಡಗಿದ್ದಾನೆ. ಕೆಲಸ ಹೆಚ್ಚಂತೆ. ನನಗೂ ಓದಲು ಕೋಣೆ ಖಾಲಿ ಸಿಕ್ಕಿತು.

ಜೂನ್ 7

ಸೆಖೆ. ಕಚೇರಿಯ ಗೆಳೆಯರಿಬ್ಬರು ಕೋಣೆಗೆ ಬಂದಿದ್ದರು. ಇಬ್ಬರೂ ಇಲ್ಲೇ ಹುಟ್ಟಿದವರು, ಒಳ್ಳೆಯ ಮನೆತನದವರು. ಅವರು ಬಂದದ್ದು ದೊಡ್ಡ ವಿಷಯ. ಜಂಜಿಬಾರಿಗಳ ಕೋಣೆಗೆ ಸಾಮಾನ್ಯವಾಗಿ ಬರುವುದಿಲ್ಲ. ನನ್ನ ಅರಬ್ಬಿ ಈಗ ರೇಡಿಯೋದಂತಿಲ್ಲ ಎಂದರು. ರಾಷ್ಟ್ರದ ಭವಿಷ್ಯದ ಬಗ್ಗೆ ಮಾತು ಏರಿದ ಹೊತ್ತಿಗೆ ಸರಿಯಾಗಿ ಮಬರೂಕ್ ಬಂದ, ಮೈಯೆಲ್ಲ ಗ್ರೀಸ್, ಕೈಯಲ್ಲಿ ಕರಿದ ಮಂದಾಜಿಯ ಪೊಟ್ಟಣ. ಬಾಗಿಲಲ್ಲೇ ನಿಂತು ಸ್ವಾಹಿಲಿಯಲ್ಲಿ, “ಏನ್ ತಮ್ಮ, ಬಿಸಿ ಇದೆ, ಬೇಗ ತಿನ್ನು” ಎಂದ.

“ಯಾರಿದು?” ಎಂದು ಗೆಳೆಯರು ಕೇಳಿದರು.

“ನಮ್ಮ ಮನೆಯಲ್ಲೇ ಬೆಳೆದವನು” ಎಂದೆ. ಅದರಲ್ಲಿ ತಪ್ಪೇನಿದೆ? ಬೆಳೆದದ್ದು ನಮ್ಮ ಮನೆಯಲ್ಲೇ.

ಅವನಿಗೆ ಅರ್ಥವಾಯಿತು. ಮೂಲೆಯ ಹೂಜಿ ತೆಗೆದುಕೊಂಡು ಮೂವರಿಗೂ ಕಾಫಿ ಸುರಿದ. ಕೂರಲಿಲ್ಲ. ಲೋಟ ಖಾಲಿಯಾದಾಗಲೆಲ್ಲ ಬಗ್ಗಿ ಸುರಿದ. ನಾನು ಸಾಕೆಂದರೂ ಸುರಿದ. ಆಮೇಲೆ ಹಿಂದೆ ಹಿಂದೆ ಸರಿಯುತ್ತಾ ಬಾಗಿಲು ದಾಟಿ ಹೋದ.

ಬರೀ ನಾಟಕ. ನನ್ನನ್ನು ಅವಮಾನಿಸಲೆಂದೇ ಮಾಡಿದ್ದು. ಗೆಳೆಯರಿಗೆ ಮಾತ್ರ ಅವನ ನಡವಳಿಕೆ ಮೆಚ್ಚಿಗೆಯಾಯಿತು.

ಮಂದಾಜಿ ತಿನ್ನಲಿಲ್ಲ. ಬೆಳಿಗ್ಗೆ ಇರುವೆ ಹತ್ತಿತ್ತು.

ಜುಲೈ 19

ಸೀತಿ ಹೆಣ್ಣು ಹೆತ್ತಿದ್ದಾಳಂತೆ. ಅವನು ಕಚೇರಿಗೇ ಬಂದುಬಿಟ್ಟ. ಎಲ್ಲರೂ ನೋಡುತ್ತಿದ್ದರು. ಹೊರಗೆ, ಗೋಡೆಯ ನೆರಳಿಗೆ ಕರೆದುಕೊಂಡು ಹೋದೆ.

“ಅಮ್ಮನ ಹೆಸರೇ ಇಟ್ಟಿದ್ದಾರೆ, ತಾತು ಅಂತ” ಎಂದ. ನಗುತ್ತಿದ್ದ. ಆಮೇಲೆ ನಗು ನಿಂತಿತು. “ಹುಮೂದ್ ಚಿಕ್ಕಪ್ಪ ಷೇಖರನ್ನ ಕಂಡು ಬಂದ್ರು. ಬಾಗಿಲು ಇನ್ನೂ ಮುಚ್ಚಿಲ್ಲವಂತೆ. ನೀನು ಬಂದು ಹೇಳಿದ್ರೆ ಈಗಲೂ ಬರೆದುಕೊಡ್ತಾರಂತೆ. ನಾನು ಯಾವತ್ತೂ ನಿನ್ನ ಏನೂ ಕೇಳಿಲ್ಲ ಮುಹನ್ನಾ.”

ಕೇಳಿಲ್ಲ ಎಂಬುದು ನಿಜ. ಆದರೆ ಕೇಳುವ ಕಾಲವೇ ಇದು? ಸೆಪ್ಟೆಂಬರಿನಲ್ಲಿ ನನ್ನ ಹುದ್ದೆ ಖಾಯಂ ಆಗುತ್ತದೆ. ಅಷ್ಟರೊಳಗೆ ನನ್ನ ಕಾಗದದ ಮೇಲೆ ಯಾವ ಪ್ರಶ್ನೆಯೂ ಏಳಬಾರದು. ಖಾಯಂ ಆದ ಮರುದಿನವೇ ಹೋಗೋಣ ಎಂದೆ. ಮನಸ್ಸಾರೆ ಹೇಳಿದೆ.

“ನನ್ನ ಪತ್ರ ಮುಗಿಯೋದು ಆಗಸ್ಟ್‌ನಲ್ಲಿ.”

“ಒಂದು ತಿಂಗಳು ಹೇಗಾದರೂ ತಳ್ಳು.”

ಅವನು ನನ್ನ ಮುಖವನ್ನೇ ನೋಡಿದ. ಕೆಟ್ಟ ಎಂಜಿನ್ ಎದುರು ಕೂತು ಕಿವಿಗೊಡುವಾಗ ಅವನ ಮುಖ ಹಾಗಾಗುತ್ತದೆ.

“ಆವತ್ತು ರಸ್ತೆಯಲ್ಲಿ,” ಎಂದ, “ಸೆಪ್ಟೆಂಬರ್‌ವರೆಗೆ ಕಾಯಿರಪ್ಪ ಅಂತ ನಾನು ಅವರಿಗೆ ಹೇಳಿದ್ನಾ?”

ಮಾಡಿದ ಉಪಕಾರವನ್ನು ಎತ್ತಿ ಆಡುವುದು ಸಣ್ಣತನ. ಹತ್ತು ವರ್ಷದಲ್ಲಿ ಅವನು ಇದನ್ನು ಎತ್ತಿದ್ದು ಇದೇ ಮೊದಲು ಎನ್ನುವುದೂ ಅದನ್ನು ಬದಲಿಸುವುದಿಲ್ಲ. ನನಗೆ ಟೈಪ್ ಮಾಡುವುದು ಬಹಳವಿತ್ತು. ಒಳಗೆ ಬಂದೆ.

ಜುಲೈ 28

ಕಚೇರಿಯ ಪತ್ರಿಕೆಗೆ ‘ಹೊಸ ರಾಷ್ಟ್ರದಲ್ಲಿ ಸಮಾನತೆ’ ಎಂಬ ಲೇಖನ ಬರೆದೆ. ಮೇಲಧಿಕಾರಿ ಹೊಗಳಿದರು. ಕುಲದ ಬಗೆಗಿನ ಪ್ಯಾರಾ ತೆಗೆಯಲು ಹೇಳಿದರು. ತೆಗೆದೆ. ಲೇಖನ ಇನ್ನಷ್ಟು ಬಿಗಿಯಾಯಿತು.

ಆಗಸ್ಟ್ 8

ಇಂದು ಅವನು ಹೊರಟ.

ವಿಮಾನ ನಿಲ್ದಾಣದಲ್ಲಿ ತೊಡಕು. ಪತ್ರದ ಅವಧಿ ಮುಗಿಯುತ್ತಾ ಬಂದವರು ದೇಶ ಬಿಡುವಾಗ ಇಲ್ಲಿನ ಪ್ರಜೆಯೊಬ್ಬ ಜಾಮೀನು ಸಹಿ ಹಾಕಬೇಕು. ಅದಕ್ಕೆಂದೇ ನನ್ನನ್ನು ಕರೆದಿದ್ದ. ಹೊಸ ಬಿಳಿ ಅಂಗಿ ತೊಟ್ಟಿದ್ದ, ಉಗುರಿನ ಸಂದಿಯ ಗ್ರೀಸ್ ಮಾತ್ರ ಹೋಗಿರಲಿಲ್ಲ. ಮಗುವಿಗೆಂದು ಹಳದಿ ಫ್ರಾಕ್ ಕೊಂಡಿದ್ದ. ನನಗೆ ತೋರಿಸಲಿಲ್ಲ, ಚೀಲದಿಂದ ಇಣುಕುತ್ತಿತ್ತು.

ಸರತಿಯಲ್ಲಿ ನಿಂತಾಗ ಸ್ವಾಹಿಲಿಯಲ್ಲಿ ಏನಾದರೂ ಹೇಳುತ್ತಾನೆಂದು ಕಾದೆ. ಇವತ್ತೊಂದು ದಿನ ಪಣ ಮುರಿದು ಸ್ವಾಹಿಲಿಯಲ್ಲೇ ಉತ್ತರಿಸಬೇಕೆಂದೂ ಇದ್ದೆ. ಅವನು ಮಾತಾಡಲಿಲ್ಲ.

ನಮ್ಮ ಸರದಿ ಬಂತು. ಎಳೆಯ ಅಧಿಕಾರಿ, ನನ್ನ ಪಾಸ್‌ಪೋರ್ಟ್ ನೋಡಿ ಗೌರವದಿಂದಲೇ ಕೇಳಿದ: “ಇವರು ನಿಮಗೆ ಏನಾಗಬೇಕು ಸ್ವಾಮಿ?”

ಸುತ್ತ ಜನವಿದ್ದರು. ಉತ್ತರ ನಾಲಿಗೆಯ ಮೇಲಿತ್ತು. ಯಾವುದು ಎಂದು ಈಗ ನೆನಪಾಗುತ್ತಿಲ್ಲ. ನಾನು ಬಾಯಿ ತೆರೆಯುವುದರೊಳಗೆ ಅವನೇ ಉತ್ತರಿಸಿದ, ಎಲ್ಲರಿಗೂ ಕೇಳುವಂತೆ:

“ನಾನು ಇವರಿಗೆ ಏನೂ ಆಗಬೇಕಾಗಿಲ್ಲ. ಇವರು ನಮ್ಮ ಒಡೆಯರ ಮಗ.”

ಅಧಿಕಾರಿ ಹಾಗೆಯೇ ಬರೆದುಕೊಂಡು ನನ್ನ ಕಡೆಗೆ ತಿರುಗಿಸಿದ. ಹಿಂದೆ ಸರತಿ ಉದ್ದವಿತ್ತು, ವಾದ ಮಾಡುವ ಜಾಗವಲ್ಲ. ಸಹಿ ಹಾಕಿದೆ. ಅವನು ಚೀಲ ಎತ್ತಿಕೊಂಡು ಗಾಜಿನ ಬಾಗಿಲು ದಾಟಿ ಹೋದ. ತಿರುಗಿ ನೋಡಿದನೋ ಇಲ್ಲವೋ, ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು.

ಒಂದು ಮಾತು ಒಪ್ಪಬೇಕು. ಅವನ ಅರಬ್ಬಿ ಇಷ್ಟು ಸ್ವಚ್ಛವಾಗಿ ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಇಲ್ಲಿನವರೇ ಆಡಿದಂತಿತ್ತು.